ಕಲಿಸಲು ಬಂದವರು ಕಲಿತ ಪಾಠ

ಪ್ರತಿ ವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದೇ ಇದಕ್ಕೆ ಕಾರಣ. ಅದರ ಸಂಪಾದಕರು ಜರ್ಮನಿಯಿಂದ ಬಂದಿದ್ದ ಹರ್ಮನ್ ಮೊಗ್ಲಿಂಗ್. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ನಮಗೆ ಕೊಟ್ಟ ಫರ್ಡಿನೆಂಡ್ ಕಿಟೆಲ್ ಕೂಡ ಜರ್ಮನಿಯವರೇ. ಇಬ್ಬರೂ ಕ್ರೈಸ್ತ ಧರ್ಮಪ್ರಚಾರಕ್ಕೆಂದು ಬಂದ ಮಿಷನರಿಗಳು.

ಇಷ್ಟು ಸಂಗತಿ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿಯೂ ಬರುತ್ತದೆ. ಆದರೆ ಆ ಜನ ತಮ್ಮ ಊರು, ಭಾಷೆ, ಬಂಧುಗಳನ್ನು ಬಿಟ್ಟು ಬಂದು ಇಲ್ಲಿ ಹೇಗೆ ದಿನ ಕಳೆದರು? ಅದಕ್ಕಾಗಿ ಏನು ಬೆಲೆ ತೆತ್ತರು? ಇದನ್ನು ತಿಳಿಯದೆ ಅವರ ಕೆಲಸದ ತೂಕ ಅರ್ಥವಾಗುವುದಿಲ್ಲ.

ಸಮುದ್ರ ದಾಟಿ ಬಂದವರು

ಇವರನ್ನು ಕಳುಹಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್. ಬ್ರಿಟಿಷರಲ್ಲದ ಮಿಷನರಿಗಳೂ ಭಾರತದಲ್ಲಿ ಕೆಲಸ ಮಾಡಲು 1833ರ ಚಾರ್ಟರ್ ಕಾಯ್ದೆ ಅವಕಾಶ ಮಾಡಿಕೊಟ್ಟಿತು. ಮರುವರ್ಷವೇ, ಅಂದರೆ 1834ರ ಅಕ್ಟೋಬರ್‌ನಲ್ಲಿ, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಮೊಗ್ಲಿಂಗ್ ಬಂದದ್ದು 1836ರಲ್ಲಿ, ಕಿಟೆಲ್ ಬಂದದ್ದು 1853ರಲ್ಲಿ.

ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಹಡಗುಗಳು ಇಡೀ ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕಿತ್ತು. ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಊರಿಗೆ ಬರೆದ ಕಾಗದಕ್ಕೆ ಉತ್ತರ ಬರಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತಿತ್ತು. ತಾಯಿಗೆ ಕಾಯಿಲೆಯೆಂಬ ಸುದ್ದಿ ಕೈಸೇರುವ ಹೊತ್ತಿಗೆ ಆಕೆ ಗುಣವಾಗಿರಬಹುದಿತ್ತು, ತೀರಿಕೊಂಡೂ ಇರಬಹುದಿತ್ತು.

ಮೊದಲ ಕೆಲಸ: ವಿದ್ಯಾರ್ಥಿಯಾಗುವುದು

ಉಪದೇಶ ಮಾಡಲು ಬಂದವರಿಗೆ ಇಲ್ಲಿ ಕಾದಿದ್ದದ್ದು ಅಕ್ಷರಾಭ್ಯಾಸ. ಭಾಷೆ ಬಾರದೆ ಸಂತೆಯಲ್ಲಿ ನಿಂತು ಮಾತನಾಡುವುದು ಹೇಗೆ? ಮಂಗಳೂರಿನಲ್ಲಂತೂ ಕನ್ನಡ, ತುಳು, ಕೊಂಕಣಿ ಮೂರೂ ಬಳಕೆಯಲ್ಲಿದ್ದವು. ಊರಿನ ಪಂಡಿತರ ಮುಂದೆ ಕುಳಿತು ಅ, ಆ, ಇ, ಈ ತಿದ್ದುವುದರಿಂದ ಇವರ ಬದುಕು ಆರಂಭವಾಯಿತು.

ಜರ್ಮನ್ ನಾಲಿಗೆಗೆ ನಮ್ಮ ಟ-ತ, ಣ-ನ, ಳ-ಲ ಜೋಡಿಗಳು ಸುಲಭವಲ್ಲ. ಅವರ ಭಾಷೆಯಲ್ಲಿ ಈ ವ್ಯತ್ಯಾಸವೇ ಇಲ್ಲ. ‘ಹಳ್ಳಿ’ ಎನ್ನಲು ಹೋಗಿ ‘ಹಲ್ಲಿ’ ಎಂದರೆ ಕೇಳಿದವರು ನಗದೆ ಇರುವರೇ? ಪದವೀಧರರೂ ಮಕ್ಕಳಂತೆ ನಾಲಿಗೆ ತಿರುಗಿಸಿ ಕಲಿಯಬೇಕಾಯಿತು.

ಬೇಸಿಗೆ ಮತ್ತು ಚಳಿಗಾಲ ಊರೂರು ಸುತ್ತುವ ಕಾಲ. ಕಾಲ್ನಡಿಗೆಯಲ್ಲೋ ಎತ್ತಿನ ಗಾಡಿಯಲ್ಲೋ ಕುದುರೆಯ ಮೇಲೋ ಹೋಗಿ ಸಂತೆ, ಜಾತ್ರೆಗಳಲ್ಲಿ ಉಪದೇಶ ಮಾಡುತ್ತಿದ್ದರು. ಕರಾವಳಿಯ ಮಳೆಗಾಲದಲ್ಲಿ ಓಡಾಟ ಕಷ್ಟ. ಆಗ ಶಾಲೆ, ಓದು, ಬರಹಗಳಿಗೆ ಹೆಚ್ಚು ಸಮಯ ಸಿಗುತ್ತಿತ್ತು. ಇದರ ಜೊತೆಗೆ ಮಾಡಿದ ಕೆಲಸಕ್ಕೆಲ್ಲ ಲೆಕ್ಕ ಒಪ್ಪಿಸಿ ಬಾಸೆಲ್‌ಗೆ ವರದಿ ಬರೆಯಬೇಕಿತ್ತು.

ಇವರ ಉಪದೇಶವನ್ನು ಎಲ್ಲರೂ ಸ್ವಾಗತಿಸಲಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿನ ಆಚರಣೆಗಳನ್ನು ಇವರು ಕಟುವಾಗಿ ಟೀಕಿಸಿದ್ದುಂಟು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಮತಾಂತರಗೊಂಡಾಗ ಮಂಗಳೂರಿನಲ್ಲಿ ತೀವ್ರ ವಿರೋಧ ಎದ್ದಿತು. ಮತಾಂತರಗೊಂಡವರು ಜಾತಿಯ ಜೊತೆಗೆ ಹೊಟ್ಟೆಪಾಡನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಉದ್ಯೋಗ ಕೊಡಲೆಂದು ಮಿಷನ್ ನೇಯ್ಗೆ, ಮುದ್ರಣ ಮುಂತಾದ ಕೆಲಸಗಳನ್ನು ಆರಂಭಿಸಿತು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಸ್ಥಾಪಿಸಿದ ಹೆಂಚಿನ ಕಾರ್ಖಾನೆ ಇವುಗಳಲ್ಲಿ ಪ್ರಸಿದ್ಧ. ನದೀತೀರದ ಜೇಡಿಮಣ್ಣಿನಿಂದ ಮಾಡಿದ, ಒಂದಕ್ಕೊಂದು ಕೊಂಡಿಯಂತೆ ಕೂರುವ ಮಂಗಳೂರು ಹೆಂಚು ದೇಶದ ಮೂಲೆಮೂಲೆಗೂ ಹೋಯಿತು.

ಕಲ್ಲಿನ ಮೇಲೆ ಅಕ್ಷರ

‘ಮಂಗಳೂರ ಸಮಾಚಾರ’ವನ್ನು ಅಚ್ಚುಮೊಳೆ ಜೋಡಿಸಿ ಮುದ್ರಿಸಲಿಲ್ಲ. ಅದು ಕಲ್ಲಚ್ಚಿನ ಪತ್ರಿಕೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬ ಸರಳ ತತ್ವವೇ ಇದರ ಆಧಾರ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಅಕ್ಷರ ಮೂಡಿಸಿ, ಕಲ್ಲನ್ನು ನೀರಿನಿಂದ ತೇವ ಮಾಡುತ್ತಾರೆ. ಬರಹವಿಲ್ಲದ ಜಾಗ ನೀರು ಹೀರುತ್ತದೆ. ಜಿಡ್ಡಿನ ಅಕ್ಷರ ನೀರನ್ನು ದೂರ ತಳ್ಳುತ್ತದೆ. ಆಮೇಲೆ ಎಣ್ಣೆಶಾಯಿ ಸವರಿದರೆ ಅದು ಅಕ್ಷರಗಳಿಗೆ ಮಾತ್ರ ಅಂಟುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಪುಟ ಸಿದ್ಧ. ಸುತ್ತು ಸುತ್ತಾದ ಕನ್ನಡ ಲಿಪಿಗೆ ಇದು ಹೇಳಿ ಮಾಡಿಸಿದ ವಿಧಾನ. ಕೈಬರಹ ಹೇಗಿದೆಯೋ ಹಾಗೆಯೇ ಅಚ್ಚಾಗುತ್ತಿತ್ತು.

ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆಯಲ್ಲಿ ನಾಲ್ಕು ಪುಟಗಳಿದ್ದವು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮೊಗ್ಲಿಂಗ್ ಅಲ್ಲಿಗೇ ನಿಲ್ಲಲಿಲ್ಲ. 1848ರಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ ಮುಂತಾದ ಗ್ರಂಥಗಳನ್ನು ಅಚ್ಚು ಮಾಡಿಸಿದರು. 1850ರಲ್ಲಿ ಹರಿದಾಸರ ಸುಮಾರು 170 ಹಾಡುಗಳ ಸಂಗ್ರಹ ಬಂದಿತು. ಕ್ರಿಸ್ತನ ಸುವಾರ್ತೆ ಸಾರಲು ಬಂದವರು ಪುರಂದರದಾಸ, ಕನಕದಾಸರ ಪದಗಳನ್ನು ಮುದ್ರಿಸಿದರು! ಜನರ ಮನಸ್ಸನ್ನು ತಿಳಿಯಬೇಕಾದರೆ ಅವರ ಹಾಡನ್ನು ತಿಳಿಯಬೇಕು ಎಂಬ ಸತ್ಯ ಅವರಿಗೆ ಹೊಳೆದಿತ್ತು.

ಕಣ್ಣಿಗೆ ಕಾಣದ ಶತ್ರು

ಇಲ್ಲಿನ ಜ್ವರಗಳು ಈ ಪರದೇಶದವರನ್ನು ಬಿಡದೆ ಕಾಡಿದವು. ಮಲೇರಿಯಾಕ್ಕೆ ಸೊಳ್ಳೆ ಕಾರಣ ಎಂಬುದು ಆಗ ತಿಳಿದಿರಲಿಲ್ಲ. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು 1897ರಲ್ಲಿ. ರಾಬರ್ಟ್ ಕಾಕ್ ಕಾಲರಾ ರೋಗಾಣುವನ್ನು ಗುರುತಿಸಿದ್ದು 1883-84ರಲ್ಲಿ. ಅದಕ್ಕೂ ಮೊದಲು ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂದು ವಿದ್ಯಾವಂತರೂ ನಂಬಿದ್ದರು. ಸೊಳ್ಳೆಪರದೆ, ಕುದಿಸಿದ ನೀರು ತಪ್ಪಿಸಬಹುದಾಗಿದ್ದ ಸಾವುಗಳು ಎಷ್ಟೋ.

ಮೊಗ್ಲಿಂಗ್ ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರಿಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಕಿಟೆಲ್ 1860ರಲ್ಲಿ ಪೌಲಿನ್ ಎಂಬುವರನ್ನು ಮದುವೆಯಾದರು. 1864ರಲ್ಲಿ ಆಕೆಯನ್ನು ಕಳೆದುಕೊಂಡರು.

ಮಕ್ಕಳ ಅಗಲಿಕೆ

ಬಾಸೆಲ್ ಮಿಷನ್ನಿನ ನಿಯಮಗಳು ಕಠಿಣವಾಗಿದ್ದವು. ಮಿಷನರಿ ಅವಿವಾಹಿತನಾಗಿ ಬರಬೇಕು. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಸಮಿತಿಯ ಒಪ್ಪಿಗೆ ಪಡೆದು ಮದುವೆಯಾಗಬೇಕು. ಎಷ್ಟೋ ಮಂದಿ ಹುಡುಗಿಯರು ಮುಖವನ್ನೇ ನೋಡದ ವರನಿಗಾಗಿ ಹಡಗು ಹತ್ತಿದರು.

ಇದಕ್ಕಿಂತ ಕಠಿಣವಾದದ್ದು ಮಕ್ಕಳ ವಿಷಯ. ಹವಾಮಾನ ಒಗ್ಗದು, ಶಿಕ್ಷಣವೂ ಯುರೋಪಿನಲ್ಲೇ ಆಗಬೇಕು ಎಂಬ ಕಾರಣಕ್ಕೆ ಆರೇಳು ವರ್ಷದ ಹೊತ್ತಿಗೆ ಮಕ್ಕಳನ್ನು ಸ್ವದೇಶಕ್ಕೆ ಕಳುಹಿಸುತ್ತಿದ್ದರು. ಅವರಿಗಾಗಿ ಬಾಸೆಲ್‌ನಲ್ಲಿ ಮಿಷನ್ನೇ ವಸತಿಗೃಹ ನಡೆಸಿತು. ಮಗುವನ್ನು ಮತ್ತೆ ಕಾಣಲು ಹತ್ತು ವರ್ಷ ಕಾಯಬೇಕಾದ ತಂದೆತಾಯಂದಿರಿದ್ದರು. ಅಷ್ಟರಲ್ಲಿ ಮಗುವಿಗೆ ತಾಯಿಯ ಮುಖವೇ ಮರೆತಿರುತ್ತಿತ್ತು.

ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್ ಅವರ ಮಗಳು ಮೇರಿ ಹುಟ್ಟಿದ್ದು 1842ರಲ್ಲಿ, ಕೇರಳದಲ್ಲಿ. ನಾಲ್ಕು ವರ್ಷದ ಆ ಮಗುವನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ತನ್ನ ಬಾಲ್ಯ ಸುಖದ್ದಾಗಿರಲಿಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. ‘ಸಿದ್ಧಾರ್ಥ’ ಕಾದಂಬರಿ ಬರೆದ, 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ ಈ ಮೇರಿಯವರ ಮಗ. ದೊಡ್ಡವರ ತ್ಯಾಗವನ್ನು ನಾವು ಹೊಗಳುತ್ತೇವೆ. ಆದರೆ ಆ ತ್ಯಾಗದ ಒಂದು ಪಾಲನ್ನು, ಯಾರೂ ಒಪ್ಪಿಗೆ ಕೇಳದ ಮಕ್ಕಳು ಹೊತ್ತರು. ಪೋಷಕರು ಯೋಚಿಸಬೇಕಾದ ಮಾತು ಇದು.

ಪ್ರಯಾಣ ಒಂದೇ ದಿಕ್ಕಿನದಾಗಿರಲಿಲ್ಲ. ಕೌಂಡಿನ್ಯ 1840ರ ದಶಕದಲ್ಲಿ ಬಾಸೆಲ್‌ಗೆ ಹೋಗಿ ಅಲ್ಲಿನ ವಿದ್ಯಾಲಯದಲ್ಲಿ ಓದಿದರು. 1851ರಲ್ಲಿ ದೀಕ್ಷೆ ಪಡೆದು ಇಲ್ಲಿಗೇ ಮರಳಿ ದುಡಿದರು. ಪರದೇಶದ ಚಳಿ, ಪರಭಾಷೆ, ಒಂಟಿತನ ಮಂಗಳೂರಿನ ಈ ಯುವಕನ ಪಾಲಿಗೂ ಬಂದವು.

ಉಳಿದದ್ದು ಏನು?

ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1877ರಲ್ಲಿ ಜರ್ಮನಿಗೆ ಮರಳಿದವರು ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಬಂದರು. ಪಂಡಿತರ ನೆರವು ಪಡೆದು, ಹಳೆಯ ಕಾವ್ಯಗಳಿಂದ ಪ್ರಯೋಗಗಳನ್ನೂ ಜನರ ಬಾಯಿಂದ ಗಾದೆಗಳನ್ನೂ ಸಂಗ್ರಹಿಸಿದರು. 1,700ಕ್ಕೂ ಹೆಚ್ಚು ಪುಟಗಳ ನಿಘಂಟು ಹೊರಬಂದಾಗ ಅವರು ಭಾರತ ಬಿಟ್ಟಾಗಿತ್ತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ತೀರಿಕೊಂಡರು.

ಮತಪ್ರಚಾರದ ವಿಷಯದಲ್ಲಿ ಜನರ ಅಭಿಪ್ರಾಯಗಳು ಬೇರೆ ಬೇರೆ ಇರಬಹುದು. ಆದರೆ ಈ ನಿಘಂಟಿಗೆ ಕೈಚಾಚದ ಕನ್ನಡ ವಿದ್ವಾಂಸರಿಲ್ಲ. ಕಲಿಸಲು ಬಂದವರು ವಿನಯದಿಂದ ಕಲಿಯಲು ಕುಳಿತರು. ಆ ಕಲಿಕೆಯ ಫಲ ಎಲ್ಲರ ಸ್ವತ್ತಾಯಿತು.

ಶಾಲೆಯ ಗ್ರಂಥಾಲಯದಲ್ಲಿ ಕಿಟೆಲ್ ನಿಘಂಟು ಇದ್ದರೆ ವಿದ್ಯಾರ್ಥಿಗಳು ಒಮ್ಮೆ ತೆರೆದು ನೋಡಲಿ. ತಮಗೆ ಚೆನ್ನಾಗಿ ಗೊತ್ತಿರುವ ಒಂದು ಪದವನ್ನೇ ಹುಡುಕಲಿ. ಮನೆಮಾತಿನಲ್ಲೇ ತಾವು ಅರಿಯದ ಅರ್ಥಗಳು ಎಷ್ಟಿವೆಯೆಂದು ಆಗ ತಿಳಿದೀತು.