ದಾದಿಯ ಮಾತು ಮನೆಯಲ್ಲೇ ಉಳಿಯಲಿ

ದಾದಿಯಿಂದ ಕಲಿತ ಮಾತನ್ನು ನಿಮ್ಮ ಮಗು ಹಾಗೆಯೇ ಆಡಿದಾಗ ‘ಸರಿಯಾಗಿ ಮಾತನಾಡು’ ಎಂದು ಎಂದಾದರೂ ಗದರಿಸಿದ್ದೀರಾ? ಭಾಷೆಗಳು ಸೊರಗುವುದು ಹೀಗೆ ಮನೆಯೊಳಗಿಂದಲೇ.

ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಅವುಗಳಲ್ಲಿ ಸುಮಾರು 2,500 ಭಾಷೆಗಳು ಅಪಾಯದಲ್ಲಿವೆಯೆಂದು ಯುನೆಸ್ಕೋ 2010ರ ತನ್ನ ಭೂಪಟದಲ್ಲಿ ಗುರುತಿಸಿತು. ನಮ್ಮ ತುಳು, ಕೊಡವ, ಕೊರಗ ಭಾಷೆಗಳೂ ಆ ಪಟ್ಟಿಯಲ್ಲಿವೆ. ಅದೇ ವರ್ಷ ಅಂಡಮಾನಿನ ಬೋವಾ ಎಂಬ ವೃದ್ಧೆ ತೀರಿಕೊಂಡರು. ಅವರೊಂದಿಗೆ ‘ಬೋ’ ಭಾಷೆಯೂ ಮಣ್ಣು ಸೇರಿತು.

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಸಂತಪುರದ ಕಡೆ ಕನ್ನಡ, ಮರಾಠಿ, ತೆಲುಗು, ಉರ್ದು ಒಟ್ಟಿಗೇ ಬಾಳುತ್ತವೆ. ಇಲ್ಲಿನ ಮುಸ್ಲಿಮ್ ಮನೆಗಳ ಮಾತು ದಖನಿ. ಅದರ ‘ನಕ್ಕೋ’ ಮರಾಠಿಯಿಂದ ಬಂದದ್ದು. ‘ಹೌ’ ಎಂದರೆ ನಮ್ಮ ‘ಹೌದು’ ಎಂದಂತೆಯೇ ಕೇಳಿಸುತ್ತದೆ. ಇದನ್ನು ಕೆಟ್ಟ ಉರ್ದು ಎನ್ನುವವರಿದ್ದಾರೆ. ಆದರೆ 15ನೇ ಶತಮಾನದ ಬಹಮನಿ ಕಾಲದಲ್ಲೇ ಕವಿ ನಿಜಾಮಿ ‘ಕದಮ್ ರಾವ್ ಪದಮ್ ರಾವ್’ ಕಾವ್ಯವನ್ನು ಈ ನುಡಿಯಲ್ಲಿ ಬರೆದಿದ್ದರು.

ದಖನಿಯನ್ನು ಉಳಿಸಿದವರಲ್ಲಿ ಮಹಿಳೆಯರ ಪಾಲು ದೊಡ್ಡದು. ಬೀಸುವಾಗ ಹಾಡಲೆಂದು ಸೂಫಿಗಳು ‘ಚಕ್ಕಿನಾಮ’ಗಳನ್ನು, ತೊಟ್ಟಿಲು ತೂಗುವಾಗ ಹಾಡಲೆಂದು ‘ಲೋರಿನಾಮ’ಗಳನ್ನು ರಚಿಸಿದರು. ದೇವಸ್ಮರಣೆಯ ಪಾಠ ಹೀಗೆ ಅಡುಗೆಮನೆಗೆ ತಲುಪಿತು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಹಾಡೂ ಮೂಲೆ ಸೇರಿತು. ದಖನಿ ಆಡುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಕರಗುತ್ತಿರುವುದು ಅದರ ಹಾಡು, ಗಾದೆ, ಒಗಟುಗಳು.

ಭಾಷೆ ಮತ್ತು ಬಣ್ಣಗಳ ವೈವಿಧ್ಯವು ಅಲ್ಲಾಹನ ದೃಷ್ಟಾಂತಗಳಲ್ಲಿ ಸೇರಿದೆಯೆಂದು ಪವಿತ್ರ ಕುರ್‌ಆನಿನ ‘ಅರ್ರೂಮ್’ ಅಧ್ಯಾಯದ 22ನೇ ಸೂಕ್ತ ತಿಳಿಸುತ್ತದೆ. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ ಕಳುಹಿಸಲಾಯಿತು ಎಂಬುದು ‘ಇಬ್ರಾಹೀಮ್’ ಅಧ್ಯಾಯದಲ್ಲಿದೆ. ಹಾಗಿರುವಾಗ ಯಾವ ಭಾಷೆಯನ್ನು ಕೀಳೆನ್ನೋಣ?

ಮಕ್ಕಳು ಕನ್ನಡ ಕಲಿಯಲಿ, ಉರ್ದು ಓದಲಿ, ಇಂಗ್ಲಿಷಿನಲ್ಲೂ ಮುಂದೆ ಬರಲಿ. ಅದಕ್ಕಾಗಿ ಮನೆಮಾತನ್ನು ಬಿಡಬೇಕಾಗಿಲ್ಲ. ಊಟದ ಹೊತ್ತಿನಲ್ಲಾದರೂ ಅದರಲ್ಲೇ ಮಾತನಾಡಿ. ದಾದಿ, ನಾನಿಯರ ಹಾಡುಗಳನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ. ಅಪರೂಪದ ಪದ, ಗಾದೆಗಳನ್ನು ಕನ್ನಡ ಲಿಪಿಯಲ್ಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕರಾವಳಿಯ ಬ್ಯಾರಿ ಭಾಷೆಯೂ ಶತಮಾನಗಳ ಕಾಲ ಮನೆಮಾತಾಗಿಯೇ ಉಳಿದು ಬಂದದ್ದು. 2009ರಲ್ಲಿ ಅದಕ್ಕೆ ಸರಕಾರದ ಸಾಹಿತ್ಯ ಅಕಾಡೆಮಿ ದೊರೆಯಿತು.

ಫೆಬ್ರವರಿ 21 ವಿಶ್ವ ಮಾತೃಭಾಷಾ ದಿನ. 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಯುವಕರು ಪ್ರಾಣ ತೆತ್ತ ದಿನವದು. ನಮ್ಮಿಂದ ಯಾರೂ ಪ್ರಾಣ ಕೇಳುತ್ತಿಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮನೆಮಾತಿನಲ್ಲಿ ಒಂದು ಕಥೆ ಹೇಳಿದರೆ ಸಾಕು. ಇಂದು ರಾತ್ರಿಯೇ ಆರಂಭಿಸಿ.