ನಲವತ್ತು ಕುದುರೆ ಕೊಟ್ಟು ಹದಿನಾರು ಕುದುರೆ ತಗೊಂಡೆ

ಗಾಡಿ ಬದಲಿಸೋದು ಅಂದರೆ ನಮ್ಮ ವಯಸ್ಸಿನವರಿಗೆ ಒಂದೇ ಅರ್ಥ. 150 ಸಿಸಿ ಇದ್ದವರು 250ಕ್ಕೆ ಹೋಗ್ತಾರೆ, 250 ಇದ್ದವರು 400ಕ್ಕೆ ಕಣ್ಣು ಹಾಕ್ತಾರೆ. ನಾನು ಹೋದ ವರ್ಷ ಹಿಂದಕ್ಕೆ ಹೋದೆ. ಮೂರು ವರ್ಷ ಓಡಿಸಿದ್ದ ಸ್ಪೋರ್ಟ್ಸ್ ಬೈಕ್ ಕೊಟ್ಟು, ನನಗಿಂತ ಆರು ವರ್ಷ ದೊಡ್ಡದಾದ 1988ರ ಯೆಜ್ಡಿ ರೋಡ್‌ಕಿಂಗ್ ಮನೆಗೆ ತಂದೆ. ಕೊಟ್ಟದ್ದು ನಲವತ್ತು ಅಶ್ವಶಕ್ತಿ ಮೀರಿದ ಗಾಡಿ. ತಗೊಂಡದ್ದು ಹೊಸದಿದ್ದಾಗಲೇ 16 ಅಶ್ವಶಕ್ತಿ ಇದ್ದದ್ದು. ಅದರಲ್ಲಿ ಈಗ ಎಷ್ಟು ಉಳಿದಿದೆಯೋ ದೇವರಿಗೇ ಗೊತ್ತು.

ಆಫೀಸಿನಲ್ಲಿ ಕೇಳಿದವರೆಲ್ಲ "ರೀಲ್ಸ್ ಮಾಡೋಕಾ?" ಅಂದರು. ಅದಕ್ಕಲ್ಲ. ಹಾಗಂತ "ಹಳೇದೆಲ್ಲ ಬಂಗಾರ" ಅಂತ ಹೇಳೋಕೂ ನಾನು ಬಂದಿಲ್ಲ. ಈ ಅದಲು ಬದಲಿನಲ್ಲಿ ಕೈಗೆ ಬಂದದ್ದೇನು, ಕೈ ಬಿಟ್ಟದ್ದೇನು ಅಂತ ಬರೆದಿಟ್ಟರೆ ಇದೇ ಆಸೆ ಇಟ್ಟುಕೊಂಡಿರೋ ಯಾರಿಗಾದರೂ ಉಪಯೋಗ ಆಗಬಹುದು.

ಓಡಿಸಲಾಗದ ವೇಗ

ನನ್ನ ಕೆಲಸ ಬೆಳಗಾವಿಯಲ್ಲಿ, ಊರು ರಾಮದುರ್ಗ ತಾಲೂಕಿನ ಸಾಲಹಳ್ಳಿ. ಶನಿವಾರ ಸಂಜೆ ಯರಗಟ್ಟಿ ಮೇಲೆ ಊರಿಗೆ ಹೋಗ್ತೀನಿ, ಸೋಮವಾರ ನಸುಕಿನಲ್ಲಿ ವಾಪಸ್. ಈ ಕಡೆ ಓಡಾಡಿದವರಿಗೆ ಗೊತ್ತು. ಕಾರ್ಖಾನೆ ಶುರುವಾದರೆ ಸಾಕು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಇರ್ತವೆ, ಹಿಂದೆ ಲೈಟೂ ಇರಲ್ಲ. ಊರು ಬಂದಲ್ಲೆಲ್ಲ ಹಂಪು. ಸುಗ್ಗಿ ಬಂದರೆ ಡಾಂಬರಿನ ಮೇಲೆಯೇ ರಾಶಿ.

ಇಂಥ ದಾರಿಯಲ್ಲಿ ನನ್ನ ಬೈಕಿನ ಅರ್ಧ ಶಕ್ತಿಯನ್ನೂ ನಾನು ಬಳಸಿರಲಿಲ್ಲ. ಆರು ಗೇರ್ ಇದ್ದವು, ಆರನೆಯದಕ್ಕೆ ಕೆಲಸವೇ ಇರಲಿಲ್ಲ. ಅದು ಗಾಡಿಯ ತಪ್ಪಲ್ಲ, ಅದು ಓಡಬೇಕಾದ ರಸ್ತೆಯೇ ಬೇರೆ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡ್ತಿತ್ತು. ಡಿಸ್‌ಪ್ಲೇನಲ್ಲಿ ಒಂದು ಹಳದಿ ದೀಪ ಹತ್ತಿದರೆ ನಾನು ಮಾಡೋದು ಏನೂ ಇರಲಿಲ್ಲ. ಸರ್ವಿಸ್ ಸೆಂಟರಿಗೆ ಒಯ್ಯಬೇಕು, ಅವರು ಲ್ಯಾಪ್‌ಟಾಪ್ ಜೋಡಿಸಬೇಕು, ಸೆನ್ಸರ್ ಬರೋತನಕ ಕಾಯಬೇಕು. ಒಮ್ಮೆ ಹದಿನೆಂಟು ದಿನ ಗಾಡಿ ಅಲ್ಲೇ ನಿಂತಿತ್ತು. ಕಡೆಗೂ ಏನು ಕೆಟ್ಟಿತ್ತು ಅಂತ ನನಗೆ ತಿಳೀಲಿಲ್ಲ, ಬಿಲ್ ಎಷ್ಟು ಅಂತ ಮಾತ್ರ ತಿಳೀತು.

ಮೈಸೂರಿನ ಗಾಡಿ

ಹಳೆ ಗಾಡಿ ಅಂದಾಗ ಬುಲೆಟ್ ಬಿಟ್ಟು ಯೆಜ್ಡಿ ಯಾಕೆ? ಮೊದಲ ಕಾರಣ, ಅದು ನಮ್ಮ ಮನೆಯಲ್ಲಿ ಇದ್ದ ಗಾಡಿ. ಎರಡನೆಯದು, ಅದು ಕರ್ನಾಟಕದಲ್ಲೇ ಹುಟ್ಟಿದ ಗಾಡಿ.

ಇದರ ಬೇರು ಮಾತ್ರ ದೂರದ್ದು. 1929ರಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡರು. ಎರಡು ಹೆಸರುಗಳ ಮೊದಲ ಎರಡೆರಡು ಅಕ್ಷರ ಸೇರಿ 'ಜಾವಾ' ಆಯಿತು. ನಮ್ಮಲ್ಲಿ ಪಾರ್ಸಿ ಉದ್ಯಮಿ ರುಸ್ತುಂ ಇರಾನಿ ಅದರ ಲೈಸೆನ್ಸ್ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಲೈಸೆನ್ಸ್ ಅವಧಿ ಮುಗಿದ ಮೇಲೆ, 1973ರ ಸುಮಾರಿಗೆ ಅದೇ ಕಾರ್ಖಾನೆಯ ಗಾಡಿಗಳ ಟ್ಯಾಂಕಿನ ಮೇಲೆ 'ಯೆಜ್ಡಿ' ಅನ್ನೋ ಹೆಸರು ಬಂತು. 1978ರಿಂದ ರೋಡ್‌ಕಿಂಗ್.

ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಸುಮಾರು 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ನಾಲ್ಕು ಗೇರ್. ಇದಕ್ಕೆ ಕಿಕ್ ಬೇರೆ, ಗೇರ್ ಬೇರೆ ಅಂತಿಲ್ಲ. ಗೇರ್ ಹಾಕೋ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ನನ್ನ ರೂಮ್‌ಮೇಟ್ ಇವತ್ತಿಗೂ ಎಡಗಡೆ, ಬಲಗಡೆ ಕಿಕ್ ಹುಡುಕ್ತಾನೆ.

ಅಪ್ಪನ ಲೆಕ್ಕ

ಗಾಡಿ ಅಂಗಳಕ್ಕೆ ಬಂದ ದಿನ ಅಪ್ಪ ಖುಷಿಪಡ್ತಾರೆ ಅಂದುಕೊಂಡಿದ್ದೆ. ಅವರು ಒಂದು ಸುತ್ತು ಹಾಕಿ ನೋಡಿ ಹೇಳಿದ್ದು ಇಷ್ಟು: "ಹೊಸಾದು ಕೊಟ್ಟು ಇದನ್ನ ತಂದಿಯೇನೋ ತಮ್ಮಾ? ಇದನ್ನ ಮಾರಾಕ ನಾ ಎರಡು ವರ್ಷ ಗಿರಾಕಿ ಹುಡುಕೀನಿ."

ಅವ್ವ ಮಾತ್ರ ಹೊಗೆ ನೋಡಿ, "ಇರಲಿ ಬಿಡ್ರಿ, ಸಂಜಿಮುಂದ ಒಮ್ಮೆ ಚಾಲೂ ಮಾಡಿದ್ರ ಸೊಳ್ಳಿ ಆದ್ರೂ ಹೋಗ್ತಾವು" ಅಂದಳು.

ಅಪ್ಪನ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಇತ್ತು. ಅವರ ಯೆಜ್ಡಿ ಎರಡೂ ಕಡೆ ಹಾಲಿನ ಕ್ಯಾನು ಹೊತ್ತಿದೆ, ಗೊಬ್ಬರದ ಚೀಲ ಹೊತ್ತಿದೆ, ಗೊಡಚಿ ವೀರಭದ್ರನ ಜಾತ್ರೆಗೆ ಇಡೀ ಮನೆ ಮಂದಿಯನ್ನು ಹೊತ್ತಿದೆ. ಏರು, ಕೆಸರು, ಎರೆಹೊಲದ ದಾರಿ ಯಾವುದಕ್ಕೂ ಹಿಂದೆ ಸರೀತಿರಲಿಲ್ಲವಂತೆ. ಆದರೆ ಪೆಟ್ರೋಲ್ ಕುಡೀತಿತ್ತು, ಜೊತೆಗೆ ಆಯಿಲ್ ಬೇರೆ. 1985ರಲ್ಲಿ ಹೀರೋ ಹೊಂಡಾ ಸಿಡಿ 100 ಬಂತು. ನಾಲ್ಕು ಸ್ಟ್ರೋಕಿನ ಆ ಸಣ್ಣ ಗಾಡಿ ಲೀಟರಿಗೆ 80 ಕಿಲೋಮೀಟರ್ ಓಡ್ತದೆ ಅಂತ ಜಾಹೀರಾತು. ಯೆಜ್ಡಿ ಮೂವತ್ತು ಕೊಟ್ಟರೆ ಅದೇ ಪುಣ್ಯ. ಹಳ್ಳಿಯವರು ಯಾವುದನ್ನು ಆರಿಸಿಕೊಂಡರು ಅಂತ ಹೇಳಬೇಕಾಗಿಲ್ಲ.

ಆಮೇಲೆ 1991ರಿಂದ ಹೊಗೆ ನಿಯಮಗಳು ಶುರುವಾದವು, 1996ರಲ್ಲಿ ಇನ್ನೂ ಬಿಗಿಯಾದವು. ಅದೇ 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು.

"ನಿನಗ ಇದು ಶೋಕಿ ಆಗೇತಿ. ನನಗ ಹೊಟ್ಟಿಪಾಡು ಆಗಿತ್ತು" ಅಂದರು ಅಪ್ಪ. ಈ ಮಾತು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಹಳೆ ಗಾಡಿಯ ಚೆಂದ ಕಾಣೋದು ಅದರ ಮೇಲೆ ಜೀವನ ನಿಂತಿಲ್ಲದವರಿಗೆ. ಕಂತು ಕಟ್ಟೋ ಗಾಡಿ ಒಂದೇ ಇದ್ದು, ದಿನಾ ಅದರ ಮೇಲೇ ಕೆಲಸಕ್ಕೆ ಹೋಗಬೇಕಾದವರು ಈ ಅದಲು ಬದಲು ಮಾಡಬೇಡಿ ಅಂತ ನಾನೇ ಹೇಳ್ತೀನಿ. ನನ್ನ ಆಫೀಸು ರೂಮಿನಿಂದ ನಡೆದು ಹೋಗೋಷ್ಟು ಹತ್ತಿರ ಇದೆ, ಮಳೆ ಬಂದರೆ ಊರಿಗೆ ಬಸ್ಸಿದೆ. ಅದಕ್ಕೇ ನನಗೆ ಇದು ನಡೀತಿದೆ.

ಕೈ ಬಿಟ್ಟದ್ದು

ಮೊದಲು ಬ್ರೇಕ್. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ. ಯೆಜ್ಡಿಗೆ ಎರಡೂ ಕಡೆ ಡ್ರಮ್ ಬ್ರೇಕ್. ಹೊಸ ಬೈಕಿನಲ್ಲಿ ಎರಡು ಬೆರಳಿನಿಂದ ನಿಲ್ಲಿಸ್ತಿದ್ದೆ, ಇಲ್ಲಿ ಪೂರ್ತಿ ಕೈ, ಪೂರ್ತಿ ಕಾಲು ಬೇಕು, ಅದರ ಮೇಲೆ ಮುಂದಿನ ಗಾಡಿಯಿಂದ ಸಾಕಷ್ಟು ದೂರವೂ ಬೇಕು. ಟೂ-ಸ್ಟ್ರೋಕ್ ಆದ್ದರಿಂದ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಅಷ್ಟಾಗಿ ಹಿಡಿಯೋದಿಲ್ಲ. ಹೆಡ್‌ಲೈಟಿನ ಬೆಳಕೂ ಕಡಿಮೆ. ಹೀಗಾಗಿ ಕತ್ತಲಾದ ಮೇಲೆ ನಾನು ಊರಿನ ದಾರಿ ಹಿಡಿಯೋದಿಲ್ಲ, ಶನಿವಾರ ತಡವಾದರೆ ಭಾನುವಾರ ಬೆಳಿಗ್ಗೆ ಹೊರಡ್ತೀನಿ.

ಎರಡನೆಯದು ಹೊಗೆ. ಇದಕ್ಕೆ ಸಮಜಾಯಿಷಿ ಇಲ್ಲ. ಟೂ-ಸ್ಟ್ರೋಕ್ ಎಂಜಿನ್ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡ್ತದೆ. ಒಳ್ಳೆ 2ಟಿ ಆಯಿಲನ್ನು ಸರಿಯಾಗಿ ಅಳೆದು ಹಾಕಿದರೆ ಕಡಿಮೆ ಆಗ್ತದೆ, ಪೂರ್ತಿ ಹೋಗೋದಿಲ್ಲ. ದಿನಾ ಸಿಟಿಯಲ್ಲಿ ಓಡಿಸೋ ಗಾಡಿ ಇದಲ್ಲ.

ಮೂರನೆಯದು ನಿಶ್ಚಿಂತೆ. ನಿಲ್ಲಿಸಿದಾಗ ಪೆಟ್ರೋಲ್ ಕಾಕ್ ಬಂದ್ ಮಾಡಬೇಕು, ಮರೆತರೆ ಕಾರ್ಬುರೇಟರ್ ತುಂಬಿ ಹರೀತದೆ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಆಯಿಲಿನ ಲೆಕ್ಕ ಮಾಡಬೇಕು. ಪೆಟ್ರೋಲ್ ಬಂಕಿನ ಹುಡುಗ ಈಗ ನನ್ನನ್ನು ನೋಡಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ತಾನೆ.

ಆ ಹಳೆಯ ರೂಪವೂ ಬೇಕು, ಎಬಿಎಸ್ ಕೂಡ ಬೇಕು ಅನ್ನೋರಿಗೆ ನಡುವಿನ ದಾರಿ ಇದೆ. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ರಸ್ತೆಗೆ ತಂದಿತು. ಅವು ನಾಲ್ಕು ಸ್ಟ್ರೋಕಿನ ಹೊಸ ಗಾಡಿಗಳು. ಆ ಹಳೆ ಸದ್ದು ಮಾತ್ರ ಅವುಗಳಲ್ಲಿ ಸಿಗೋದಿಲ್ಲ.

ಕೈಗೆ ಬಂದದ್ದು

ನನಗೆ ಸಿಕ್ಕಿದ್ದು ಒಬ್ಬ ಗುರು. ಊರ ಕಡೆ ಒಬ್ಬ ಮಿಸ್ತ್ರಿ ಇದ್ದಾರೆ, ವಯಸ್ಸು ಅರವತ್ತು ದಾಟಿದೆ. ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೀತೀನಿ. ಗಾಡಿ ಅವರ ಶೆಡ್ಡಿನ ಮುಂದೆ ನಿಲ್ಲೋ ಮೊದಲೇ, ಸದ್ದು ಕೇಳಿ, "ಪಾಯಿಂಟ್ ಸೆಟ್ಟಿಂಗ್ ತಪ್ಪೇತಿ" ಅಂತಾರೆ. ಬಿಚ್ಚಿ ನೋಡಿದರೆ ಹೌದು.

ಭಾನುವಾರ ಅವರ ಹತ್ತಿರ ಕೂತು ಕಲಿಯೋಕೆ ಶುರು ಮಾಡಿದೆ. ಪ್ಲಗ್ ಬಿಚ್ಚಿ ಬಣ್ಣ ನೋಡೋದು ಮೊದಲ ಪಾಠ. ಹಸಿ ಕಪ್ಪು ಮೆತ್ತಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಹೆಚ್ಚಾಗಿದೆ, ಬಿಳಿ ಇದ್ದರೆ ಎಂಜಿನ್ ಕಾಯ್ತಿದೆ, ಇಟ್ಟಂಗಿ ಬಣ್ಣ ಇದ್ದರೆ ಎಲ್ಲ ಸರಿ. ಆಮೇಲೆ ಕಾರ್ಬುರೇಟರ್ ತೊಳೆಯೋದು, ಸೈಲೆನ್ಸರ್ ಒಳಗಿನ ಮಸಿ ತೆಗೆಯೋದು, ಕ್ಲಚ್ ಕೇಬಲ್ ಹಾಕೋದು. ನಾಲ್ಕೈದು ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಎಕ್ಸ್‌ಟ್ರಾ ಪ್ಲಗ್ ಇದ್ದರೆ ಇವತ್ತು ಅರ್ಧ ಕೆಲಸ ನಾನೇ ಮಾಡ್ತೀನಿ. ವಾರವಿಡೀ ಸ್ಕ್ರೀನ್ ನೋಡೋ ನನಗೆ, ಕೆಟ್ಟದ್ದೊಂದನ್ನು ಬಿಚ್ಚಿ, ಕಾರಣ ಕಣ್ಣಾರೆ ಕಂಡು, ಸರಿ ಮಾಡಿ ಚಾಲೂ ಮಾಡೋದರಲ್ಲಿ ಸಿಗೋ ಸಮಾಧಾನ ಯಾವ ಟಾಪ್ ಸ್ಪೀಡಿನಲ್ಲೂ ಸಿಕ್ಕಿರಲಿಲ್ಲ.

ಆದರೆ ಚಾಚಾ ಒಂದು ದಿನ ಕೈ ಒರೆಸಿಕೊಳ್ತಾ ಹೇಳಿದರು: "ಮಗಾ ಪುಣೆದಾಗ ಕಂಪನಿಗೆ ಹೋಗ್ತಾನ. ಶಾಗಿರ್ದ್ ಯಾರೂ ಉಳಿದಿಲ್ಲ. ನಾ ಹೋದ ಮ್ಯಾಲ ಈ ಪಾನಾ ಯಾರು ಹಿಡೀತಾರಪಾ?"

ಅಲ್ಲಿಂದ ಅವರು ಕೆಲಸ ಮಾಡೋದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡ್ತಿದೀನಿ. ಪಿಸ್ಟನ್, ರಿಂಗು, ಕೇಬಲ್ ಇವತ್ತಿಗೂ ಮಾರುಕಟ್ಟೆಯಲ್ಲಿ ಸಿಗ್ತವೆ. ಕ್ರ್ಯಾಂಕ್ ಬಿಚ್ಚಿ ಮತ್ತೆ ನೇರ ಕೂಡಿಸೋ ಕೈ ಮಾತ್ರ ಎಲ್ಲೂ ಮಾರಾಟಕ್ಕಿಲ್ಲ. ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ಕ್ಲಬ್ ಇದೆ. ಜುಲೈ ತಿಂಗಳ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ-ಯೆಜ್ಡಿ ದಿನ ಅಂತ ಊರೂರಿನಲ್ಲಿ ಗಾಡಿಗಳು ಸೇರ್ತವೆ. ಅಲ್ಲಿ ಹೊಳೆಯೋ ಟ್ಯಾಂಕುಗಳ ಫೋಟೋ ತೆಗೆಯೋರು ನೂರು ಜನ. ಆ ಟ್ಯಾಂಕಿನ ಕೆಳಗಿನ ಎಂಜಿನ್ ಉಳಿಸಿದ ಮಿಸ್ತ್ರಿಗಳ ಫೋಟೋ ಯಾರೂ ತೆಗೆಯೋದಿಲ್ಲ.

ಕೊಳ್ಳೋರಿಗೆ ನಾಲ್ಕು ಮಾತು

ಕಾಗದ ಮೊದಲು, ಗಾಡಿ ಆಮೇಲೆ. ಆರ್‌ಸಿಯಲ್ಲಿರೋ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನ ನಂಬರಿಗೆ ಹೊಂದಬೇಕು. ಹಳೆ ಗಾಡಿಗಳಲ್ಲಿ ಎಂಜಿನ್ ಬದಲಾಗಿರೋದು ಸಾಮಾನ್ಯ. ಹಳೆಯ ಪುಸ್ತಕದ ಆರ್‌ಸಿ ಆಗಿದ್ದರೆ ಆರ್‌ಟಿಓ ಆನ್‌ಲೈನ್ ದಾಖಲೆಯಲ್ಲಿ ಸೇರಿದೆಯೇ ನೋಡಿ, ಇಲ್ಲದಿದ್ದರೆ ಮಾರೋರೇ ಸೇರಿಸಿ ಕೊಡಲಿ.

ನವೀಕರಣದ ಖರ್ಚು ಲೆಕ್ಕ ಹಾಕಿ. 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಬೈಕಿಗೆ ಈ ಶುಲ್ಕವನ್ನು 2,000 ರೂಪಾಯಿ, ಕಾರಿಗೆ 10,000 ರೂಪಾಯಿ ಮಾಡಿದೆ. ಇನ್ಶೂರೆನ್ಸ್, ಹೊಗೆ ತಪಾಸಣೆ ತಪ್ಪಿಸುವಂತಿಲ್ಲ.

50 ವರ್ಷ ದಾಟಿದ ಗಾಡಿಗೆ ಬೇರೆ ನಿಯಮ. 2021ರಿಂದ ಅಂಥವನ್ನು 'ವಿಂಟೇಜ್' ಅಂತ ನೋಂದಾಯಿಸಬಹುದು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ, ಅಂಬಾಸಿಡರ್ ಕನಸು ಕಾಣೋ ಕಾರಿನವರಿಗೂ ಈ ಲೆಕ್ಕ ಒಂದೇ, ಸೊನ್ನೆ ಮಾತ್ರ ಹೆಚ್ಚು.

ಗಾಡಿಯ ಬೆಲೆಗೆ ಅರ್ಧದಷ್ಟು ಬೇರೆ ಇಟ್ಟುಕೊಳ್ಳಿ. ನಾನು 85 ಸಾವಿರಕ್ಕೆ ಕೊಂಡೆ, ಎಂಜಿನ್, ವೈರಿಂಗ್, ಬ್ರೇಕ್ ಶೂ, ಟೈರು ಅಂತ ಮತ್ತೆ 42 ಸಾವಿರ ಹೋಯಿತು. ಸ್ಪೋರ್ಟ್ಸ್ ಬೈಕ್ ಮಾರಿದ ದುಡ್ಡಿನಲ್ಲಿ ಇನ್ನೂ ಉಳಿದಿದೆ ಅನ್ನೋದೇ ಸಮಾಧಾನ. ಬಣ್ಣ ಬಳಿಸೋಕೆ ಅವಸರ ಮಾಡಬೇಡಿ, ಮೊದಲು ಬ್ರೇಕ್, ಆಮೇಲೆ ಲೈಟು, ಆಮೇಲೆ ಎಂಜಿನ್, ಹೊಳಪು ಕಡೆಗೆ.

ಇಷ್ಟೆಲ್ಲ ಓದಿದ ಮೇಲೂ ಆಸೆ ಹೋಗದಿದ್ದರೆ, ಗಾಡಿ ಹುಡುಕೋಕೆ ಹೋಗೋ ಮೊದಲು ನಿಮ್ಮ ಊರಿನಲ್ಲಿ ಇಂಥ ಗಾಡಿ ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಒಬ್ಬರು ಇದ್ದಾರೆಯೇ ಹುಡುಕಿ. ಒಂದು ಭಾನುವಾರ ಅವರ ಶೆಡ್ಡಿನಲ್ಲಿ ಸುಮ್ಮನೆ ಕೂತು ನೋಡಿ, ಚಹಾ ತರಿಸಿ ಕೊಡಿ, ಪಾನಾ ಎತ್ತಿ ಕೊಡಿ. ಸಂಜೆ ಹೊತ್ತಿಗೆ ಕೈಗೆ ಹತ್ತಿದ ಗ್ರೀಸು ಬೇಸರ ಅನ್ನಿಸದಿದ್ದರೆ, ಆವಾಗ ಆರ್‌ಸಿ ನೋಡೋಕೆ ಹೊರಡಿ.