ಮಂಜು ಮತ್ತು ಕತ್ತಲಿನಲ್ಲಿ ದ್ವಿಚಕ್ರ ವಾಹನ ಚಾಲನೆ: ಹೆಡ್‌ಲೈಟ್ ಬಲ್ಬ್ ಆಯ್ಕೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಮಳೆಗಾಲದಲ್ಲಿ ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿಯೂ ಮಡಿಕೇರಿಯ ಸುತ್ತಮುತ್ತಲೂ ದಟ್ಟವಾದ ಮಂಜು ಕವಿಯುವುದು ಸಾರ್ವಜನಿಕರಿಗೆ ತಿಳಿದ ವಿಷಯವಾಗಿದೆ. ಹಾಲು, ದಿನಪತ್ರಿಕೆ ಹಂಚುವವರು, ತೋಟದ ಕೆಲಸಕ್ಕೆ ಹೋಗುವವರು ಹಾಗೂ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವವರು ಇಂತಹ ಸಮಯದಲ್ಲಿಯೂ ಮೋಟಾರ್ ಸೈಕಲ್ ಚಲಾಯಿಸುವುದು ಅನಿವಾರ್ಯ. ದಾರಿ ಕಾಣದಿದ್ದಾಗ ಹೆಚ್ಚು ಪ್ರಖರವಾದ ಬಲ್ಬ್ ಅಳವಡಿಸಿದರೆ ಸಾಕೆಂಬ ಭಾವನೆ ಸಾಮಾನ್ಯವಾಗಿದ್ದು, ಇದು ಹಲವು ವೇಳೆ ಅಪಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಮಂಜಿನಲ್ಲಿ ಬೆಳಕಿನ ವರ್ತನೆ

ಮಂಜು ಎಂಬುದು ಗಾಳಿಯಲ್ಲಿ ತೇಲುವ ಅತಿ ಸಣ್ಣ ನೀರಿನ ಹನಿಗಳ ಸಮೂಹ. ಬೆಳಕು ಈ ಹನಿಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ ಮತ್ತು ಅದರ ಒಂದು ಭಾಗ ಸವಾರನ ಕಣ್ಣಿಗೇ ಮರಳುತ್ತದೆ. ಹೈಬೀಮ್ ಹಾಕಿದಾಗ ಎದುರಿಗೆ ಬಿಳಿಯ ಪರದೆ ಕಟ್ಟಿದಂತಾಗುವುದು ಇದರಿಂದಲೇ. ಆದುದರಿಂದ ಮಂಜಿನಲ್ಲಿ ಯಾವಾಗಲೂ ಡಿಪ್ ಬೆಳಕನ್ನೇ ಬಳಸತಕ್ಕದ್ದು.

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆಂಬ ನಂಬಿಕೆಯೂ ಇದೆ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡದಾಗಿರುವುದರಿಂದ ಎಲ್ಲ ಬಣ್ಣದ ಬೆಳಕೂ ಹೆಚ್ಚುಕಡಿಮೆ ಸಮನಾಗಿಯೇ ಚದುರುತ್ತದೆ. ಬಣ್ಣಕ್ಕಿಂತ ಬೆಳಕು ಬೀಳುವ ಕೋನವೇ ಮುಖ್ಯ. ಆದರೆ ನೀಲಿ ಲೇಪನದ ಬಲ್ಬುಗಳನ್ನು ಖರೀದಿಸದಿರುವುದು ಒಳಿತು. ಆ ಲೇಪನವು ಬೆಳಕಿನ ಒಂದು ಭಾಗವನ್ನು ತಾನೇ ತಡೆಯುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ಬೆಳಕು ಪಡೆದಂತಾಗುತ್ತದೆ.

2. ಬಲ್ಬ್ ಖರೀದಿಸುವಾಗ ಗಮನಿಸಬೇಕಾದ ಅಂಶಗಳು

ಅ) ವಾಹನದ ಕೈಪಿಡಿಯಲ್ಲಿ ಅಥವಾ ಹಳೆಯ ಬಲ್ಬಿನ ಬುಡದಲ್ಲಿ ನಮೂದಿಸಿರುವ ಮಾದರಿ, ವೋಲ್ಟ್ ಮತ್ತು ವ್ಯಾಟ್‌ಗೆ ಸರಿಹೊಂದುವ ಬಲ್ಬನ್ನೇ ಪಡೆಯತಕ್ಕದ್ದು. ಉದಾಹರಣೆಗೆ, ಎಚ್‌ಎಸ್1 ಮಾದರಿಯು 12 ವೋಲ್ಟ್, 35/35 ವ್ಯಾಟ್. ಎಚ್4 ಮಾದರಿಯು 12 ವೋಲ್ಟ್, 60/55 ವ್ಯಾಟ್. ಬುಡವನ್ನು ತಿದ್ದಿ ಒಂದರ ಜಾಗದಲ್ಲಿ ಮತ್ತೊಂದನ್ನು ಕೂರಿಸಬಾರದು.

ಆ) 100/90 ವ್ಯಾಟ್‌ನ ಬಲ್ಬು 8 ಆಂಪಿಯರ್‌ಗೂ ಅಧಿಕ ವಿದ್ಯುತ್ ಎಳೆಯುತ್ತದೆ. 35 ವ್ಯಾಟ್‌ಗೆ ಸುಮಾರು 3 ಆಂಪಿಯರ್ ಸಾಕು. ಇದಕ್ಕೆಂದು ರೂಪಿಸದ ವೈರಿಂಗ್, ಸ್ವಿಚ್ ಮತ್ತು ರಿಫ್ಲೆಕ್ಟರ್ ಬಿಸಿಯಾಗಿ ಕರಗುವ ಸಂಭವವಿದ್ದು, ಘಾಟಿಯ ನಡುವೆ ದೀಪವೇ ಆರಿಹೋಗಬಹುದು.

ಇ) ಹ್ಯಾಲೊಜೆನ್ ಬಲ್ಬಿಗಾಗಿ ರೂಪಿಸಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಅಥವಾ ಎಚ್‌ಐಡಿ ಬಲ್ಬ್ ಹಾಕಿದಾಗ, ಬೆಳಕು ಹೊರಡುವ ಜಾಗವು ತಂತಿಯ ಜಾಗಕ್ಕೆ ಹೊಂದದೆ ಕಿರಣಗಳು ಮೇಲಕ್ಕೂ ಪಕ್ಕಕ್ಕೂ ಚದುರುತ್ತವೆ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಹೊಂದಿ ಬಂದ ವಾಹನಗಳಿಗೆ ಈ ತೊಂದರೆ ಇರುವುದಿಲ್ಲ.

ಈ) ಹೊಸ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಜಾಗದಲ್ಲಿ ಗಾಜು ಬೇಗ ಹಾಳಾಗುತ್ತದೆ.

3. ಬಲ್ಬ್ ಬದಲಿಸುವ ಮುನ್ನ

ಬೆಳಕು ಮಂದವಾಗಿರಲು ಬಲ್ಬೇ ಕಾರಣವಾಗಿರಬೇಕೆಂದಿಲ್ಲ. ತುಕ್ಕು ಹಿಡಿದ ಸಂಪರ್ಕಗಳಿಂದ ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಮೊದಲು ಗಾಜಿನ ಕೊಳೆ, ರಿಫ್ಲೆಕ್ಟರ್, ಬ್ಯಾಟರಿ ಮತ್ತು ವೈರಿಂಗ್‌ಗಳನ್ನು ಪರೀಕ್ಷಿಸಿಕೊಳ್ಳುವುದು ಉಚಿತ.

ತರುವಾಯ ಸಮತಟ್ಟಾದ ನೆಲದಲ್ಲಿ ಗೋಡೆಯ ಎದುರು ವಾಹನವನ್ನು ನಿಲ್ಲಿಸಿ, ಸವಾರ ಕುಳಿತಿರುವಂತೆಯೇ ಡಿಪ್ ಬೆಳಕು ಹಾಕಬೇಕು. ಗೋಡೆಯ ಮೇಲೆ ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ಕೆಳಗಿರಬೇಕು. ಹಿಂಬದಿ ಸವಾರರಿದ್ದಾಗ ಬೆಳಕು ಮೇಲೇರುವುದನ್ನೂ ಗಮನಿಸಬೇಕು.

4. ಕಾನೂನಿನ ಅವಕಾಶಗಳು

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 106ರಂತೆ ಮುಂಭಾಗದ ದೀಪದ ಕಿರಣವು 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಕೆಳಮುಖವಾಗಿರಬೇಕು. ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ 2019ರಲ್ಲಿ ಸೇರ್ಪಡೆಯಾದ ಕಲಂ 182ಎ(4)ರಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡಕ್ಕೂ ಗುರಿಯಾಗಬಹುದು.

15 ವರ್ಷ ತುಂಬಲಿರುವ ದ್ವಿಚಕ್ರ ವಾಹನಗಳ ನೋಂದಣಿ ನವೀಕರಣಕ್ಕೆ ಅವಧಿ ಮುಗಿಯುವ ಮುನ್ನ 60 ದಿನಗಳ ಒಳಗಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿದಾರರು ತಪಾಸಣೆಗೆ ವಾಹನವನ್ನು ಹಾಜರುಪಡಿಸುವ ಮೊದಲೇ ಹೆಡ್‌ಲೈಟನ್ನು ಮೂಲ ಸ್ಥಿತಿಗೆ ತಂದಿರಿಸಿಕೊಂಡರೆ ಪುನಃ ಅಲೆದಾಡುವುದು ತಪ್ಪುತ್ತದೆ.

5. ವೇಗದ ಮಿತಿ

ಯಾವ ಬಲ್ಬೂ ಮಂಜನ್ನು ಇಲ್ಲವಾಗಿಸಲಾರದು. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಸವಾರನು ಅಡೆತಡೆಯನ್ನು ಕಂಡು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿಯೇ ಸುಮಾರು 17 ಮೀಟರ್ ಕ್ರಮಿಸಿರುತ್ತಾನೆ. ಒದ್ದೆಯಾದ ರಸ್ತೆಯಲ್ಲಿ ವಾಹನ ನಿಲ್ಲಲು ಇನ್ನೂ ಸುಮಾರು 15 ಮೀಟರ್ ಬೇಕಾಗಬಹುದು. 30 ಮೀಟರ್ ಮಾತ್ರ ಕಾಣುತ್ತಿದ್ದಲ್ಲಿ ಈ ವೇಗವೂ ಅಧಿಕವೇ. 30 ಕಿ.ಮೀ. ವೇಗದಲ್ಲಾದರೆ ಒಟ್ಟು 21 ಮೀಟರಿನಷ್ಟರಲ್ಲಿ ನಿಲ್ಲಿಸಬಹುದು.

ಎದುರಿನಿಂದ ಬರುವ ಸವಾರನ ಕಣ್ಣು ಕುಕ್ಕಿದರೆ ಆತ ತಪ್ಪುವ ದಾರಿಯಲ್ಲಿ ತಾವೂ ಇರುತ್ತೀರಿ ಎಂಬುದನ್ನು ಮರೆಯಬಾರದು. ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಪಾಲಿಸಿ, ತಮ್ಮ ಹಾಗೂ ಇತರರ ಜೀವರಕ್ಷಣೆಗೆ ಸಹಕರಿಸಬೇಕೆಂದು ಕೋರಲಾಗಿದೆ.